ಕೆಂಚ ಒರಗಿದ್ದು ಯಾರಿಗೆ?

ಸತ್ತವರು ಬಂದು ಉಂಡು ಹೋಗುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಈಗ ನಂಬುತ್ತೇನೆ ಎಂದು ಹೇಳಲು ಇದನ್ನು ಬರೆಯುತ್ತಲೂ ಇಲ್ಲ. ಮೂಡುಬಿದಿರೆಯಲ್ಲಿ ಓದುವಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಇಂಥ ವಿಷಯ ಸಿಕ್ಕರೆ ಎದುರಾಳಿಯ ಬಾಯಿ ಮುಚ್ಚಿಸಿಯೇ ಕೂರುತ್ತಿದ್ದೆ. ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ಮೊದಲು ಕೇಳಿಕೊಂಡಿದ್ದೇನೆ ಎಂದುಕೊಂಡು ಮುಂದೆ ಓದಿ.

ಅಮ್ಮನ ತಮ್ಮ ಸುಂದರ ಮಾವ ಗಲ್ಫ್ ಬಿಟ್ಟು ಪುಂಜಾಲಕಟ್ಟೆಗೆ ಮರಳಿದಾಗ ಮ್ಯಾಸ್ಟಿಫ್ ಜಾತಿಯ ಒಂದು ನಾಯಿಮರಿ ತಂದರು. ಕಂದು ಮೈ, ಕಪ್ಪು ಮುಸುಡಿ. ಹೆಸರು ಕೆಂಚ. ಎರಡು ವರ್ಷದಲ್ಲಿ ಅದು ಮಾವನಷ್ಟೇ ತೂಗುತ್ತಿತ್ತು. ಮೀನಿನವನು ಗೇಟಿನ ಹೊರಗೇ ಸ್ಕೂಟರ್ ನಿಲ್ಲಿಸಿ, "ಅಣ್ಣಾ, ಇದು ನಾಯಿಯಾ ಕೋಣವಾ? ಕಂಬಳಕ್ಕೆ ಬಿಡುವ ಅಂದಾಜು ಉಂಟಾ?" ಎಂದು ಕೂಗುತ್ತಿದ್ದ.

ಆ ತಳಿಯ ಚರಿತ್ರೆ ಹೇಳುವುದೆಂದರೆ ಮಾವನಿಗೆ ಪ್ರಾಣ. ರೋಮನ್ನರು ಇಂಥ ನಾಯಿಗಳನ್ನು ಕಾಳಗದ ಕಣಕ್ಕೆ ಇಳಿಸಿದ್ದು, ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಹಗಲು ಕಟ್ಟಿ ರಾತ್ರಿ ಕಾವಲಿಗೆ ಬಿಡುತ್ತಿದ್ದದ್ದು, ಮಹಾಯುದ್ಧದ ಕಾಲದಲ್ಲಿ ಹೊಟ್ಟೆಗೆ ಹಾಕಲು ಇಲ್ಲದೆ ತಳಿಯೇ ಅಳಿಯುವ ಹಾಗಾದದ್ದು. "ಕಾದಾಡುವ ಜಾತಿಯಂತೆ! ಬೆಕ್ಕು ಬಂದರೆ ದಾರಿ ಬಿಡ್ತದೆ ನಿಮ್ಮ ಕೆಂಚ" ಎಂದು ನಾನು ಕೆಣಕಿದರೆ, "ಅದು ಬೊಗಳುವುದು ಬೇಡ. ಮನೆಯಲ್ಲಿ ಅದಕ್ಕೆ ನೀನು ಇದ್ದೀಯಲ್ಲ ಮಾರಾಯ್ತಿ" ಅನ್ನುತ್ತಿದ್ದರು.

ಅಪರಿಚಿತರು ಬಂದರೆ ಕೆಂಚ ಕಚ್ಚುತ್ತಿರಲಿಲ್ಲ, ಅಡ್ಡ ನಿಲ್ಲುತ್ತಿತ್ತು, ಅಷ್ಟೇ. ಪ್ರೀತಿ ಬಂದರೆ ಇಡೀ ಭಾರ ಬಿಟ್ಟು ಕಾಲಿಗೆ ಒರಗುತ್ತಿತ್ತು. ಈ ತಳಿಯ ನಾಯಿಗಳ ಅಭ್ಯಾಸವಂತೆ ಅದು. ಕೆಂಚ ಒರಗುತ್ತಿದ್ದದ್ದು ಮಾವನಿಗೆ ಮಾತ್ರ. ಅವರು ತಮಾಷೆಗೆ ಸರಿದರೆ ಅಕ್ಕಿಮುಡಿಯಂತೆ ದೊಪ್ಪನೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಎದೆನೋವೆಂದ ಮಾವ ಬಂಟ್ವಾಳದ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಕೆಂಚ ಊಟ ಬಿಟ್ಟಿತು. ಬೆಳ್ತಂಗಡಿಯಿಂದ ಬಂದ ಪಶುವೈದ್ಯರು ಡ್ರಿಪ್ಸ್ ಹಾಕಿ, "ದೊಡ್ಡ ಜೀವ, ತಾನಾಗಿ ತಿನ್ನದಿದ್ದರೆ ಉಳಿಯುವುದಿಲ್ಲ" ಎಂದರು. ಮಾವನ ಹೆಂಡತಿ, ನಮ್ಮ ಅತ್ತೆ, ಅದರ ಬಾಯಿ ಬಿಡಿಸಿ ಗಂಜಿ ಸುರಿಯುತ್ತಿದ್ದರು. "ಇದನ್ನೂ ಮಣ್ಣು ಮಾಡುವ ಶಕ್ತಿ ನನಗಿಲ್ಲ ಮಗಾ" ಎಂದರು.

ಅಷ್ಟರಲ್ಲಿ ಆಟಿ ತಿಂಗಳು, ತುಳುವರ ಆಷಾಢ, ಬಂತು. ಆಗ ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮ. ಕೋಣೆಯಲ್ಲಿ ಎಲೆ ಹಾಕಿ, ಕೋಳಿಸಾರು ರೊಟ್ಟಿ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕಿಳಿಯಬೇಕು. ಸತ್ತವರು ಉಂಡಿರಬಹುದು ಎನಿಸಿದ ಮೇಲೆ ಬಡಿಸಿದವರು ಕೆಮ್ಮಿ, ಬಾಗಿಲು ತೆರೆಯಬೇಕು. ಮಾವನ ಅಣ್ಣ, ನಮ್ಮ ದೊಡ್ಡ ಮಾವ, ಬಡಿಸಲು ನಿಂತರು. ಕೆಂಚ ಆ ಕೋಣೆಯ ಮೂಲೆಯಲ್ಲೇ ಬಿದ್ದಿತ್ತು. ಎರಡು ದಿನದಿಂದ ಅದಕ್ಕೆ ಏಳಲಾಗುತ್ತಿರಲಿಲ್ಲ. ನಾವು ಎಳೆದರೂ ಅಲುಗಲಿಲ್ಲ.

"ನಾಯಿ ಒಳಗಿದ್ದರೆ ಹೇಗೆ? ಕ್ರಮ ಅಂತ ಒಂದು ಉಂಟಲ್ಲ" ಎಂದರು ದೊಡ್ಡ ಮಾವ.

"ಇರಲಿ ಬಿಡಿ" ಎಂದೆ ನಾನು. "ಸಾರು ಕೆಂಚ ತಿಂದರೆ ಅದರ ಜೀವ ಉಳೀತದೆ. ಎಲೆ ಖಾಲಿ ಮಾಡುವುದು ಯಾರೂಂತ ನಿಮಗೂ ಗೊತ್ತಾಗ್ತದೆ."

"ಬಾಯಿ ಸ್ವಲ್ಪ ಜಾಸ್ತಿಯಾಯ್ತು ನಿನ್ನದು."

"ತಿನ್ನಲಿ" ಎಂದರು ಅತ್ತೆ. "ಅದು ತಿಂದರೆ ಅವರಿಗೂ ಸಂತೋಷವೇ." ತಾವೇ ಹೊರಗಿನಿಂದ ಬಾಗಿಲು ಎಳೆದರು.

ಇಣುಕಬಾರದು ಎಂದಿದೆ. ನಾನು ಪಕ್ಕದ ಕಿಟಕಿಗೆ ಹೋದೆ. ಮಧ್ಯಾಹ್ನ, ಒಳಗೆ ಬೇಕಾದಷ್ಟು ಬೆಳಕಿತ್ತು. ಎಲೆಯ ಊಟ ಹಾಗೇ ಇತ್ತು. ಕೆಂಚ ಎದ್ದು ಕೋಣೆಯ ನಡುವೆ ನಿಂತಿತ್ತು. ಗೋಡೆ ದೂರ, ಹತ್ತಿರ ಕುರ್ಚಿಯೂ ಇಲ್ಲ. ಅರೆಮುಚ್ಚಿದ ಕಣ್ಣು, ಮೆಲ್ಲಗೆ ಆಡುವ ಬಾಲ. ಇಡೀ ಮೈ ಎಡಕ್ಕೆ ವಾಲಿತ್ತು. ಎಡಗಡೆಯ ಮುಂಗಾಲು ನೆಲಕ್ಕೆ ತಾಗಿಯೇ ಇರಲಿಲ್ಲ. ಅಷ್ಟು ವಾಲಿದ ಮೇಲೆ ಬೀಳಲೇಬೇಕು. ಬೀಳಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ಆಮೇಲೆ ಯಾರೋ ಮೆಲ್ಲನೆ ನೂಕಿ ನಿಲ್ಲಿಸಿದ ಹಾಗೆ ನೇರವಾಯಿತು.

ದೊಡ್ಡ ಮಾವ ಕೆಮ್ಮಿ ಬಾಗಿಲು ತೆರೆದರು. ಕೆಂಚ ಎಲೆಯ ಬದಿಯಿಂದ ಜಾಗ್ರತೆಯಾಗಿ ಹಾದು ಹೊರಗೆ ಬಂತು. ಅಂಗಳದಲ್ಲಿದ್ದ ತನ್ನ ಪಾತ್ರೆಯ ಗಂಜಿಗೆ ಬಾಯಿ ಹಾಕಿತು. ಅತ್ತೆ ಅದರ ಕುತ್ತಿಗೆ ತಬ್ಬಿ ಅಳುತ್ತಿದ್ದರು. ಅದು ತಿನ್ನುವುದನ್ನು ನಿಲ್ಲಿಸಲಿಲ್ಲ.

"ಎಂತ ಕಂಡೆ?" ಎಂದು ದೊಡ್ಡ ಮಾವ ಕೇಳಿದರು.

"ನಾಯಿ ಎದ್ದು ನಿಂತಿತ್ತು" ಎಂದೆ.

ಆಮೇಲೆ ವಾದಗಳನ್ನು ಜೋಡಿಸಿದ್ದೇನೆ. ನಿತ್ರಾಣದ ನಾಯಿ ವಾಲುವುದು ಸಹಜ. ಸಾರಿನ ಪರಿಮಳಕ್ಕೆ ಹಸಿವು ಎದ್ದಿರಬಹುದು. ದುಃಖದಲ್ಲಿ ನನ್ನ ಕಣ್ಣೇ ತಪ್ಪಿರಬಹುದು. ಒಂದೊಂದೂ ಒಪ್ಪುವ ಮಾತೇ. ಆದರೆ ನಿತ್ರಾಣದಿಂದ ವಾಲಿದ್ದರೆ ಬೀಳದೆ ಉಳಿದದ್ದು ಹೇಗೆ? ಹಸಿವೆಯಿಂದ ಎದ್ದಿದ್ದರೆ ಮುಂದಿದ್ದ ಕೋಳಿಯನ್ನು ಮುಟ್ಟದೆ ಬಂದದ್ದು ಯಾಕೆ?

ಈ ವರ್ಷದ ಆಟಿಗೂ ಹೋಗಿದ್ದೆ. ಬಾಗಿಲು ಮುಚ್ಚಿದ ಮೇಲೆ ದೊಡ್ಡ ಮಾವ ನನ್ನ ಕಡೆ ತಿರುಗಿ, "ಬೇಕಾದರೆ ಹೋಗಿ ನೋಡು" ಎಂದರು. ಗೇಲಿಯಾಗಿರಲಿಲ್ಲ ಅದು. ನಾನು ಅಂಗಳದಲ್ಲೇ ನಿಂತೆ. ಒಳಗೆ ಯಾರಾದರೂ ಇದ್ದರೆ ಎಂಬ ಹೆದರಿಕೆಯೋ, ಯಾರೂ ಇಲ್ಲದಿದ್ದರೆ ಎಂಬ ಹೆದರಿಕೆಯೋ, ಇನ್ನೂ ಗೊತ್ತಾಗಿಲ್ಲ.