ಸಾರಣೆಯ ಬಾಲ್ದಿ

ನಮ್ಮ ಹಿತ್ತಿಲ ಗೋಡೆಯ ಗೂಟಕ್ಕೆ ಒಂದು ತಗಡಿನ ಬಾಲ್ದಿ ತೂಗುತ್ತಿದೆ. ಹಿಡಿಕೆ ಮುರಿದದ್ದಕ್ಕೆ ಕತ್ತದ ಹಗ್ಗ ಕಟ್ಟಿದೆ. ಬುಡದಲ್ಲಿ ಒಣಗಿದ ಸಗಣಿ ಹಸಿರು ಬಣ್ಣ ಬಿಟ್ಟು ಕಪ್ಪಾಗಿ, ಕಲ್ಲಿನಂತೆ ಕಚ್ಚಿಕೊಂಡು ಕೂತಿದೆ. ಮೊನ್ನೆ ಮೊಮ್ಮಗಳು ಅದನ್ನು ಹಳೇ ಸಾಮಾನು ಕೊಳ್ಳುವವನಿಗೆ ಕೊಟ್ಟುಬಿಡೋಣ ಎಂದಳು. ಬೇಡ ಎಂದೆ. ಯಾಕೆ ಎಂದು ಕೇಳಿದಳು. ಹೇಳಿದರೆ ಅವಳ ಊಟ ಕೆಡುತ್ತಿತ್ತು, ಸುಮ್ಮನಾದೆ. ನಿಮಗೆ ಹೇಳುತ್ತೇನೆ, ನೀವು ಉಂಡು ಕೈ ತೊಳೆದು ಕೂತು ಓದಿರಿ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಹೊಲಸಿಗೆ ಬೇರೆ ಚೆಂದದ ಹೆಸರು ನನಗೆ ಗೊತ್ತಿಲ್ಲ.

ಮಾಳಮಡ್ಡಿಯ ಈ ಮನೆಯಲ್ಲಿ ಮೊದಲು ಎಲ್ಲರ ಮನೆಯಂತೆ ಬುಟ್ಟಿಯ ಪಾಯಖಾನೆ ಇತ್ತು. ಹಿಂದಿನ ಓಣಿಯಿಂದ ಹುಲಿಗೆವ್ವ ಬಂದು, ನಮ್ಮ ಮುಖ ನೋಡದೆ, ನಮಗೆ ಮುಖ ತೋರಿಸದೆ, ಬುಟ್ಟಿ ಹೊತ್ತು ಹೋಗುತ್ತಿದ್ದಳು. ನಮ್ಮವರು ಕಚೇರಿ ಕೆಲಸಕ್ಕೆ ಬೆಳಗಾವಿಗೆ ಹೋದಾಗ ಯಾರೋ ಸಾಹೇಬರ ಬಂಗಲೆಯಲ್ಲಿ ಪಾಯಖಾನೆಯ ಹೊಲಸು ಇಳಿಯುವ ನೆಲದೊಳಗಿನ ಟಾಕಿ ನೋಡಿ ಬಂದರು. ಬಂದವರೇ ಹಿತ್ತಿಲು ಅಗೆಸಿ, ಟಾಕಿ ಕಟ್ಟಿಸಿ, ಪಾಯಖಾನೆ, ಬಚ್ಚಲು ಎರಡರಿಂದಲೂ ಅದಕ್ಕೆ ಕೊಳವೆ ಹೂಡಿಸಿ, ಪಾಯಖಾನೆಗೆ ಸಿಮೆಂಟಿನ ನೆಲ ಮಾಡಿಸಿ, ಹೊಸ ಸೊಸೆಯನ್ನು ತೋರಿಸುವ ಹಾಗೆ ಓಣಿಯವರನ್ನೆಲ್ಲ ಕರೆದು ತೋರಿಸಿದರು. ಹುಲಿಗೆವ್ವನಿಗೆ ಇನ್ನು ಬರಬೇಡ ಎಂದು ಹೇಳಿದ್ದಾಯಿತು.

ಸಮಾಧಾನವಿಲ್ಲದವರು ನಮ್ಮ ಅತ್ತೆ ಒಬ್ಬರೇ. ಊರಾಚೆ ಹೋಗುತ್ತಿದ್ದ ಮೈಲಿಗೆ ಈಗ ಮನೆಯ ಹೊಟ್ಟೆಯಲ್ಲೇ ಮನೆ ಮಾಡಿತಲ್ಲ ಎಂಬ ಸಂಕಟ ಅವರದು. ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಈ ಬಾಲ್ದಿ. ಬೆಳಗಾದರೆ ಆಕಳ ಸಗಣಿಗೆ ಕೆಮ್ಮಣ್ಣು ಕಲಸಿ ಪಾಯಖಾನೆಯ ನೆಲವನ್ನೂ ಪಕ್ಕದ ಬಚ್ಚಲನ್ನೂ ಸಾರಿಸುವರು. ನಮ್ಮವರು ಕಚೇರಿಗೆ ಹೋದ ಮೇಲೆ ಮತ್ತೊಮ್ಮೆ. ಮಣ್ಣಿನ ನೆಲವಾದರೆ ಸಾರಣೆಯನ್ನು ಕುಡಿದು ಸುಮ್ಮನಿರುತ್ತದೆ. ಸಿಮೆಂಟು ಕುಡಿಯುವುದಿಲ್ಲ, ಸುರಿದದ್ದನ್ನೆಲ್ಲ ಕೊಳವೆಗೆ ಉಗುಳುತ್ತದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊಳೆಯುವ ನೆಲ ನೋಡಿ ಸಂತೋಷಪಡುತ್ತಿದ್ದ ಅವರಿಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಮಗಳು ಗಂಗಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹಡೆದು ಇನ್ನೂ ಪುರುಡು ಕಳೆದಿರಲಿಲ್ಲ. ಬಚ್ಚಲಿಗೆ ಅಂಟಿದ ಕತ್ತಲೆ ಕೋಣೆಯಲ್ಲಿ, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟುಕೊಂಡು, ಕೂಸನ್ನು ಎದೆಗೆ ಹಾಕಿಕೊಂಡು ಮಲಗಿದ್ದಳು. ಶ್ರಾವಣದ ಜಡಿಮಳೆ. ಒಂದು ಮುಂಜಾನೆ ನೀರು ಕಾಯಿಸಲು ಹೋದರೆ, ಬಚ್ಚಲ ತೂಬಿನಿಂದ ನೀರು ಒಳಗೆ ಹೋಗುವ ಬದಲು ಹೊರಗೆ ಬರುತ್ತಿದೆ. ಬರೀ ನೀರಲ್ಲ. ನಾನು ನೋಡುತ್ತಿದ್ದಂತೆ ಅದು ಹೊಸ್ತಿಲು ದಾಟಿ ಗಂಗಾಳ ಕೋಣೆಗೆ ಹರಿಯಿತು. ಅಗ್ಗಿಷ್ಟಿಗೆ ಚೊಂಯ್ ಎಂದು ಆರಿತು.

ಕೂಗಿದೆ. ಮೊದಲು ಬಂದವರು ಅತ್ತೆ. ಕೈಯಲ್ಲಿ ಬಾಲ್ದಿ. ಹೊಲಸು ಕಂಡ ಕೂಡಲೇ ಅವರ ಕೈ ತಾನಾಗಿಯೇ ಸಾರಣೆಯ ನೀರನ್ನು ಬಚ್ಚಲಿಗೆ ಸುರಿಯಿತು. ಸುರಿದಷ್ಟೂ ಏರಿತು. ಬಾಲ್ದಿ ಕಸಿದುಕೊಂಡೆ, ಹಿಡಿಕೆ ಮುರಿದದ್ದು ಆಗಲೇ.

"ಕೂಸಿನ್ನ ಹಿಡೀರಿ, ಗಂಗಾನ್ನ ನಾ ಪಡಸಾಲಿಗೆ ಕರ್ಕೊಂಡು ಹೊಕ್ಕೇನಿ," ಎಂದೆ.

"ಪುರುಡಿನ ಹೆಂಗಸು ದೇವರ ಮನಿ ಮುಂದ ಹಾಯ್ತಾಳೇನ? ತಲಿ ನೆಟ್ಟಗದನ ನಿಂದು?"

"ಹೊಲಸು ಹೊರಸಿನ ಕಾಲಿಗೆ ಬಂದೈತ್ರಿ!"

"ಹೊರಸಿನ ಮ್ಯಾಲೆ ಇರಲಿ. ಹೊರಸು ಎತ್ತರ ಅದ."

ಅತ್ತೆ ನಡುಮನೆಯ ಬಾಗಿಲಿಗೆ ಅಡ್ಡ ನಿಂತರು. ಹಿತ್ತಿಲ ಬಾಗಿಲಿನಿಂದ ಒಯ್ಯೋಣವೆಂದರೆ ಹೊರಗೆ ಮಳೆ, ಟಾಕಿಯ ಸುತ್ತ ಮೊಣಕಾಲುದ್ದ ರಾಡಿ. ನಮ್ಮವರು ಬಿದಿರಿನ ಗಳ ಹಿಡಿದು ಕೊಳವೆಗೆ ಚುಚ್ಚುತ್ತ, "ಇಬ್ರೂ ಬಾಯಿ ಮುಚ್ರಿ" ಎಂದು ಒದರುತ್ತಿದ್ದರು. ಕೊನೆಗೆ ತಾವೇ ಓಡಿ ಹೋಗಿ ಹುಲಿಗೆವ್ವನನ್ನೂ ಅವಳ ಗಂಡನನ್ನೂ ಕರೆತಂದರು.

"ಏನ್ರೀ ರಾಯರ, ನಿನ್ನ ಕಾಲು ಈ ಓಣ್ಯಾಗ ಬ್ಯಾಡಂದಿದ್ರಿ. ಈಗ ಛತ್ರಿ ಹಿಡಕೊಂಡು ಕರಿಯಾಕ ಬಂದ್ರಿ!" ಹುಲಿಗೆವ್ವ ನಕ್ಕಳು, ಆದರೆ ಕೈ ನಿಲ್ಲಿಸಲಿಲ್ಲ. ಗಂಡ ಹೆಂಡತಿ ಸೇರಿ ಟಾಕಿಯ ಹಾಸುಗಲ್ಲು ಸರಿಸಿದರು. ನಾನೂ ಬಗ್ಗಿ ನೋಡಿದೆ. ಮೇಲೆ ಸಗಣಿ ಕುಳ್ಳಿನಂಥ ದಪ್ಪ ಪದರ. ಅದರಲ್ಲಿ ಕೆಮ್ಮಣ್ಣು, ಹುಲ್ಲಿನ ಎಳೆ. ಕೊಳವೆಯ ಬಾಯಿಗೂ ಅದೇ ಮೆತ್ತಿತ್ತು. ಟಾಕಿ ತುಂಬಿದ್ದು ನಮ್ಮ ಹೊಲಸಿನಿಂದಲ್ಲ, ನಮ್ಮ ಶುದ್ಧಿಯಿಂದ.

"ಅತ್ತೀ, ಇಲ್ಲಿ ಬಂದು ನೋಡ್ರಿ," ಎಂದೆ. ಬಾಗಿಲು ಬಿಟ್ಟು ಬಂದರು. ನೋಡಿದರು.

ಬಾಗಿಲು ತೆರವಾಗಿತ್ತು. ಕೂಸನ್ನು ಸೆರಗಿಗೆ ಸುತ್ತಿಕೊಂಡು, ಗಂಗಾಳ ತೋಳು ಹೆಗಲ ಮೇಲೆ ಹಾಕಿಕೊಂಡು, ನಡುಮನೆ ಹಾಯ್ದು, ದೇವರ ಮನೆಯ ಮುಂದೆಯೇ ನಡೆಸಿಕೊಂಡು ಹೋದೆ. ಹೊರಸಿನಿಂದ ಬಾಗಿಲ ತನಕ ಅವಳು ಆ ರಾಡಿಯಲ್ಲೇ ಕಾಲಿಟ್ಟು ಬರಬೇಕಾಯಿತು. "ಅವ್ವಾ, ಚಳಿ," ಎಂದಳು ಅಷ್ಟೇ. ದೇವರು ಸಿಟ್ಟಾದನೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ.

ಹುಲಿಗೆವ್ವ ದಂಪತಿ ಸಂಜೆಯ ತನಕ ಮಳೆಯಲ್ಲೇ ಟಾಕಿಯ ಹೊಲಸು ಎತ್ತಿ ಹಾಕಿದರು, ನೀರು ಇಳಿಯಿತು. ಗಂಗಾಳ ಮೈ ಬಿಸಿ ಮಾತ್ರ ಇಳಿಯಲಿಲ್ಲ. ಟಾಂಗಾದಲ್ಲಿ ಬಂದ ಡಾಕ್ಟರು ಬಾಣಂತಿ ಜ್ವರ ಎಂದರು. ಆ ರಾಡಿಯಿಂದ ಬಂತೋ, ಚಳಿಯಿಂದ ಬಂತೋ, ಮೊದಲೇ ಮೈಯಲ್ಲಿತ್ತೋ, ನಾನು ಡಾಕ್ಟರಲ್ಲ. ಅತ್ತೆ ಬೇರೆ ಬೇರೆ ಹರಕೆ ಹೊತ್ತರು. ಯಾವುದಕ್ಕೂ ಕಾಯದೆ ನನ್ನ ಮಗಳು ಹೋದಳು.

ಆಮೇಲಿನಿಂದ ನಾನು ಬಹಳ ಯೋಚಿಸಿದ್ದೇನೆ, ಒಲೆಯ ಮುಂದೆ ಕೂತು, ಬಾವಿಯ ದಡದಲ್ಲಿ ನಿಂತು. ನೆಲ ಸಾರಿಸುತ್ತೇವೆ, ಸಾರಿಸಿದ ನೀರು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಕಣ್ಣಿಗೆ ಕಾಣದ ಕಡೆಗೆ ಹೋದರೆ ಸಾಕು, ಶುದ್ಧಿಯಾಯಿತು ಎನ್ನುತ್ತೇವೆ. ಹುಲಿಗೆವ್ವ ಓಣಿಯ ತಿರುವಿನಲ್ಲಿ ಮರೆಯಾದರೆ ಶುದ್ಧಿ. ಕೊಳವೆಯೊಳಗೆ ಇಳಿದರೆ ಶುದ್ಧಿ. ಹಡೆದವಳು ಕತ್ತಲೆ ಕೋಣೆಯಲ್ಲಿದ್ದರೆ ಶುದ್ಧಿ. ಅಡಗಿಸಿಟ್ಟದ್ದಕ್ಕೆ ಅಲ್ಲಿ ಜಾಗವಿದೆಯೇ ಎಂದು ಕೇಳುವ ಅಭ್ಯಾಸ ನಮಗಿಲ್ಲ. ಜಾಗ ಮುಗಿದಾಗ ಅದು ತಾನೇ ಹೊಸ್ತಿಲು ದಾಟಿ ಬರುತ್ತದೆ.

ಹೆಣ ಎತ್ತಿದ ಮೇಲೆ ಮಲಗಿಸಿದ ಜಾಗವನ್ನು ಸಗಣಿಯಿಂದ ಸಾರಿಸಬೇಕು, ಅದು ರೂಢಿ. ಯಾರೋ ಬಾಲ್ದಿ ತಂದು, ಹಗ್ಗ ಕಟ್ಟಿ, ಕಲಸಿ ಇಟ್ಟಿದ್ದರು. ಅತ್ತೆ ಪಡಸಾಲೆಯಲ್ಲಿ ಕೂತು ಅದರೊಳಗೆ ಕೈ ಅದ್ದಿದರು. ಕೈ ಮೇಲೆ ಬರಲೇ ಇಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನನ್ನ ಕೈಲೆ ಆಗವಲ್ಲದ. ನೀನ ಸಾರಿಸವ್ವಾ," ಎಂದರು. ನನ್ನನ್ನು ಅವ್ವಾ ಎಂದು ಕರೆದದ್ದು ಅದೇ ಮೊದಲು.

ಅವರ ಕೈ ಹಿಡಿದು ಹೊರತೆಗೆದು ತೊಳೆದೆ. ಬಾಲ್ದಿಯನ್ನು ಹಾಗೆಯೇ ಒಯ್ದು ಹಿತ್ತಿಲ ಗೂಟಕ್ಕೆ ತೂಗುಹಾಕಿದೆ. ಬಾವಿಯಿಂದ ಕೊಡ ನೀರು ಸೇದಿ ತಂದು, ನನ್ನ ಮಗಳು ಮಲಗಿದ್ದ ಜಾಗವನ್ನು ಬರೀ ನೀರಿನಿಂದ ತೊಳೆದೆ. ಆ ನೀರು ಎಲ್ಲಿಗೆ ಹರಿದು ಹೋಗುತ್ತದೆ ಎಂದು, ಬಾಗಿಲ ತನಕ, ಅಂಗಳದ ತನಕ, ಅದರ ಹಿಂದೆಯೇ ನಡೆದು ನೋಡಿದೆ.

ಬಾಲ್ದಿಯಲ್ಲಿ ಒಣಗಿದ್ದು ಅಂದಿನ ಸಗಣಿಯೇ. ಅದನ್ನು ಕೊಟ್ಟುಬಿಡೋಣ ಎಂದವಳು ಅಂದು ನನ್ನ ಸೆರಗಿನಲ್ಲಿದ್ದ ಕೂಸು. ಸಂಜೆ ಅವಳ ಊಟವಾದ ಮೇಲೆ ಹೇಳಬೇಕು. ಕೇಳಿದ ಮೇಲೆಯೂ ಕೊಡೋಣ ಎಂದರೆ, ನಾನೇ ಗೂಟದಿಂದ ಇಳಿಸಿ ಕೊಡುತ್ತೇನೆ.