ನೊಗ ಮಲಗುವ ವಾರ

ಮಳೆಗಾಲದ ಹಸಿ ತಗುಲಿದರೆ ಹಳೆಯ ನೊಗದಿಂದ ಒಂದು ವಾಸನೆ ಏಳುತ್ತದೆ. ಜಾಲಿ ಕಟ್ಟಿಗೆಯದು ಸ್ವಲ್ಪ, ಹರಳೆಣ್ಣೆಯದು ಸ್ವಲ್ಪ, ಉಳಿದದ್ದೆಲ್ಲ ಎತ್ತಿನ ಹೆಗಲಿನ ಬೆವರಿನದು. ಕುಂದಗೋಳದ ನನ್ನ ಮನೆಯ ಪಡಸಾಲೆಯಲ್ಲಿ, ಗೋಡೆಗುಂಟ ನೆಲದ ಮೇಲೆ, ಊರಿನ ನಮ್ಮ ಮನೆಯಿಂದ ತಂದ ಅಂಥದೊಂದು ನೊಗ ಇದೆ. ಅದಕ್ಕೆ ಎತ್ತು ಹೂಡಿ ಇಪ್ಪತ್ತು ವರ್ಷದ ಮೇಲಾಯಿತು. ಬೆವರು ಮಾತ್ರ ಇನ್ನೂ ಆರಿಲ್ಲ. ನಾನು ಕಲಿಸುವ ಶಾಲೆಯ ಮಾಸ್ತರರೊಬ್ಬರು ಮನೆಗೆ ಬಂದಾಗ ನೋಡಿ, "ವಾರ್ನಿಶ್ ಹೊಡಸ್ರಿ ಅಕ್ಕೋರ, ಗ್ವಾಡಿಗೆ ತೂಗು ಹಾಕಿದ್ರ ಛಲೋ ಕಾಣತೈತಿ" ಎಂದರು. ನಾನು ನಕ್ಕೆ. ವಾರ್ನಿಶ್ ಹೊಡೆದರೆ ವಾಸನೆ ಹೋಗುತ್ತದೆ. ವಾಸನೆ ಹೋದರೆ ನನಗೆ ನೆಮ್ಮದಿಯಾದೀತು ಎಂದು ಕೆಲವು ಸಲ ಅನಿಸಿದ್ದೂ ಉಂಟು.

ಸಂಶಿಯಲ್ಲಿ ಬಸ್ಸಿಳಿದು ಎರೆಹೊಲಗಳ ನಡುವೆ ಒಂದು ತಾಸು ನಡೆದರೆ ನಮ್ಮೂರು. ಮಣ್ಣಿನ ಗೋಡೆಯ ಮನೆ. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ ಎತ್ತುಗಳು, ಎರಡು ಮೆಟ್ಟಿಲು ಮೇಲೆ ನಾವು. ಮೈತುಂಬ ಚುಕ್ಕೆಯಿದ್ದದ್ದು ಹಂಡ್ಯಾ, ಬೂದಿ ಬಣ್ಣದ್ದು ಬೂದ್ಯಾ. ಅವು ಮೆಲುಕು ಹಾಕುವ ಸದ್ದಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಊರಿಗೆಲ್ಲ ಅದು ರೂಢಿ, ಆದರೆ ಅಪ್ಪನ ತಮ್ಮನಾದ ನನ್ನ ಕಾಕಾನಿಗೆ ಅದು ರೂಢಿಗಿಂತ ಹೆಚ್ಚಿನದೇನೋ ಆಗಿತ್ತು. ಮದುವೆಯಾಗದೆ ನಮ್ಮೊಂದಿಗೇ ಉಳಿದವನು, ಅಕ್ಷರ ಬಾರದವನು, ಆರು ದಿನ ಬಾಯಲ್ಲಿ ಮಾತೇ ಇಲ್ಲದವನು. ರವಿವಾರ ಸಂಜೆ ಹೊಲದಿಂದ ಬಂದು ನೊಗವನ್ನು ಗೋಡೆಗೆ ಆನಿಸದೆ ನೆಲದ ಮೇಲೆ ಉದ್ದಕ್ಕೆ ಇಟ್ಟು, ಮೇಲೊಂದು ಗೋಣಿಚೀಲ ಹೊದಿಸುತ್ತಿದ್ದ. "ಮಲಗಲಿ ಬಿಡು, ಅದೂ ದಣದೈತಿ" ಎನ್ನುತ್ತಿದ್ದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿಯೂ ನೋಡದೆ, "ಎತ್ತಿಗೆ ಸ್ವಾಮಾರ ಐತಿ, ನೊಗಕ್ಕೂ ಐತಿ. ನನಗ ಯಾ ವಾರ ಐತಿ?" ಎಂದು ಚುಚ್ಚುತ್ತಿದ್ದಳು. "ನಿಮಗ ನಾ ಅದೀನಲ್ರಿ ವೈನಿ" ಎಂದು ಕಾಕಾ ಮರುದಿನ ನಸುಕಿನಲ್ಲಿ ಎರಡು ಕೊಡ ಹೊತ್ತು ಕೆರೆಗೆ ಹೋಗುತ್ತಿದ್ದ. ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಬರುತ್ತಿದ್ದ. ಕೆರೆಯ ದಂಡೆಯ ಹೆಂಗಸರು ಅವನನ್ನು ನೋಡಿ ನಗುತ್ತಿದ್ದರಂತೆ. ಅವನಿಗೆ ಅದರ ಪರಿವೆಯಿರಲಿಲ್ಲ.

ಆಮೇಲೆ ನಾವು ಹಳ್ಳಕ್ಕೆ ಹೊರಡುತ್ತಿದ್ದೆವು. ಎತ್ತುಗಳು ಮುಂದೆ, ಕಾಕಾ ನಡುವೆ, ನಾನು ಹಿಂದೆ. ಶಾಲೆಯ ಗಂಟೆ ಹತ್ತೂವರೆಗೆ, ಅಲ್ಲಿಯವರೆಗೆ ಲೋಕವೆಲ್ಲ ನಮ್ಮದು. ಹಂಡ್ಯಾನ ಹೆಗಲಿನ ಬಾವನ್ನು ತಣ್ಣೀರಿನಲ್ಲಿ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಎರಡನ್ನೂ ಮೇಯಲು ಬಿಟ್ಟು ಕಾಕಾ ದಂಡೆಯ ಮೇಲೆ ಕೂರುತ್ತಿದ್ದ. ಸುಮ್ಮನೆ ಕೂರುವುದು ಎಂದರೇನೆಂದು ನಾನು ಕಂಡದ್ದು ಅಲ್ಲಿ. ದೂರದ ಬೆಳೆಯಲ್ಲಿ ಚಿಗರಿಗಳ ಹಿಂಡು ಕಿವಿ ನಿಮಿರಿಸಿ ನಿಂತಿದ್ದರೆ, ಬೇರೆ ದಿನ ಕಲ್ಲು ಬೀಸಿ ಓಡಿಸುವವನು ಅಂದು, "ತಿನ್ನಲಿ ಬಿಡು, ಇವತ್ತ ಅವೂ ನಮ್ಮ ಬೀಗರ" ಎನ್ನುತ್ತಿದ್ದ. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಬಿದ್ದ ಮೇಲಂತೂ ಬೆರಳಿನ ಉಗುರಿನಷ್ಟು ಕೆಂಪು ಹುಳಗಳು ಕಪ್ಪು ಮಣ್ಣಿನ ಮೇಲೆ ಮಖಮಲ್ಲಿನ ಗುಂಡಿಗಳಂತೆ ಹರಿದಾಡುತ್ತಿದ್ದವು. ಒಂದನ್ನು ನನ್ನ ಅಂಗೈ ಮೇಲೆ ಬಿಟ್ಟು ಕಾಕಾ ಹೇಳಿದ್ದ: "ನೋಡವಾ, ಇದು ಹೊಲಾ ಹೂಡೂದಿಲ್ಲ, ಹಾಲು ಕೊಡೂದಿಲ್ಲ. ಏನೂ ಕೆಲಸ ಇಲ್ಲ ಇದಕ್ಕ. ಆದ್ರೂ ಶಿವ ಎಷ್ಟ ಕೆಂಪಗ ಮಾಡ್ಯಾನ." ಹುಳ ಕಾಲು ಮುದುಡಿ ಗುಂಡಗಾಗಿತ್ತು. ಅದು ಮತ್ತೆ ನಡೆಯುವವರೆಗೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. "ಶಿವನಿಗೂ ಇವತ್ತ ಸೂಟಿನಾ ಕಾಕಾ?" ಎಂದು ನಾನು ಕೇಳಿದೆ. "ಹೂಂ ಮತ್ತ. ಮಾಡೂದು ಮುಗಿಸ್ಯಾನ, ಇಲ್ಲೇ ಎಲ್ಲೋ ಕುಂತ ನೋಡಾಕತ್ತಾನ" ಎಂದ. ನಾನು ತಿರುಗಿ ನೋಡಿದೆ. ಹಿಂದಿನ ಜಾಲಿಯ ನೆರಳಿನಲ್ಲಿ ಯಾರೋ ಕೂತಿರುವುದು ನಿಜವೆಂದೇ ಅನಿಸಿತ್ತು.

ನಾನು ಏಳನೇ ಇಯತ್ತೆಯಲ್ಲಿ ಓದುತ್ತಿದ್ದ ವರ್ಷ ಮಿರಗ ತಡವಾಗಿ ಬಂತು. ರವಿವಾರ ಮಳೆ ನಿಂತು ಸೋಮವಾರ ಮುಂಜಾನೆ ಹೊಲ ಹೆಸರುಕಾಳು ಬಿತ್ತಲು ಹದವಾಗಿತ್ತು. ಪಡುವಣಕ್ಕೆ ಮತ್ತೆ ಮೋಡ ಕಟ್ಟುತ್ತಿತ್ತು. ಅಪ್ಪ ಅಂಗಳದಲ್ಲಿ ನಿಂತು ಆಕಾಶ ನೋಡಿದ. "ಇವತ್ತ ಬಿತ್ತದಿದ್ರ ಕೆಸರಾಕ್ಕೈತಿ" ಎಂದ. ಕಾಕಾ ಕೊಡ ಕೆಳಗಿಳಿಸಿ, "ಇವತ್ತ ಸ್ವಾಮಾರ ಅಣ್ಣಾ" ಎಂದ, ಅಷ್ಟೆ. ಅಪ್ಪನಿಗೂ ಮನಸ್ಸಿನಲ್ಲಿ ಅಳುಕು ಇತ್ತು. ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ. ನನ್ನ ಕಡೆ ತಿರುಗಿದ. "ನೀ ಹೇಳಬೇ, ಶಾಲಿ ಕಲತಾಕಿ. ಇವತ್ತ ಹೂಡಿದ್ರ ಏನಾಕ್ಕೈತಿ?" ನಮ್ಮ ಮನೆತನದಲ್ಲಿ ಏಳನೇ ಇಯತ್ತೆಯವರೆಗೆ ಬಂದ ಮೊದಲನೆಯವಳು ನಾನು. ದೊಡ್ಡವರು ನನ್ನ ಮಾತಿಗಾಗಿ ಕಾದು ನಿಂತದ್ದು ಅದೇ ಮೊದಲು. ಹಿಗ್ಗಿ ಹೇಳಿದೆ: "ಏನೂ ಆಗೂದಿಲ್ಲಪ್ಪಾ. ವಾರ ಮಾಡಿದಾಂವ ಮನಷ್ಯಾ. ಎತ್ತಿಗೇನ್ ಗೊತ್ತು, ಇವತ್ತ ಸ್ವಾಮಾರ ಅಂತ?" ಒಳಗಿನಿಂದ ಅವ್ವ, "ಕೇಳ್ರಿ ಮತ್ತ, ಅಕ್ಕೋರು ಅಪ್ಪಣಿ ಕೊಟ್ರು" ಎಂದಳು. ಅಪ್ಪ ನಕ್ಕ. ಕಾಕಾ ಬಗ್ಗಿ ನೊಗದ ಮೇಲಿನ ಗೋಣಿಚೀಲ ತೆಗೆದು, ಮಡಚಿ, ಮೂಲೆಯಲ್ಲಿಟ್ಟ.

ಊರ ಹೊರಗೆ ಬೇವಿನ ಮರದ ಹತ್ತಿರ ದಾರಿ ಒಡೆಯುತ್ತದೆ. ಬಲಕ್ಕೆ ಹೊಲ, ಎಡಕ್ಕೆ ಹಳ್ಳ. ಅಪ್ಪ ಹಗ್ಗ ಹಿಡಿದಿದ್ದ, ಕಾಕಾನ ತಲೆಯ ಮೇಲೆ ಬೀಜದ ಚೀಲ, ನಾನು ಬುತ್ತಿ ಹಿಡಿದು ಹಿಂದೆ. ಆರು ದಿನ ಯಾರೂ ಹೇಳದೆಯೇ ಬಲಕ್ಕೆ ಹೊರಳುತ್ತಿದ್ದ ಹಂಡ್ಯಾ ಅಂದು ಎಡಕ್ಕೆ ಹೊರಳಿತು. ಹಟವಿಲ್ಲ, ಹೆದರಿಕೆಯಿಲ್ಲ, ಹೋಗಬೇಕಾದ ದಾರಿ ಅದೇ ಎನ್ನುವಂತೆ ತಲೆ ತಗ್ಗಿಸಿ ಹಳ್ಳದ ಕಡೆ ನಾಲ್ಕು ಹೆಜ್ಜೆ ಹಾಕಿತು. ಜೊತೆಗೆ ಬೂದ್ಯಾನೂ. ಅಪ್ಪ ಹಗ್ಗ ಜಗ್ಗಿ ತಿರುಗಿಸಿದ. ಮತ್ತೆ ಎಡಕ್ಕೇ ಹೊರಳಿದವು. ಆಗ ಬಾರಕೋಲು ಎತ್ತಿ ಹಂಡ್ಯಾನ ಬೆನ್ನಿಗೆ ಒಂದು ಏಟು ಕೊಟ್ಟ. ಒಂದೇ. ಎತ್ತು ಬಲಕ್ಕೆ ತಿರುಗಿತು. ಕಾಕಾ ಎತ್ತನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಚೀಲದ ಕೆಳಗಿನಿಂದ ನನ್ನನ್ನು ನೋಡಿದ. ನಾನು ಹೇಳಿದ್ದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ನಾನು ಬುತ್ತಿ ಹಿಡಿದು ಬಲಕ್ಕೇ ನಡೆದೆ.

ಏನೂ ಆಗಲಿಲ್ಲ. ಎತ್ತು ಸಾಯಲಿಲ್ಲ, ಬೆಳೆಗೆ ಹುಳ ಬೀಳಲಿಲ್ಲ, ಹೆಸರು ಆ ವರ್ಷ ಚೆನ್ನಾಗಿಯೇ ಬಂತು. ಏನಾದರೂ ಆಗಿದ್ದರೆ ಸೋಮವಾರ ಉಳಿಯುತ್ತಿತ್ತು ಎಂದು ಈಗ ಅನಿಸುತ್ತದೆ. ಮುಂದಿನ ವಾರ ಕುಂಟೆ ಹೊಡೆಯುವುದಿತ್ತು, ಅದರ ಮುಂದಿನ ವಾರ ಮತ್ತೊಂದು. ಗೋಣಿಚೀಲ ಮೂಲೆಯಲ್ಲೇ ಇತ್ತು. ನಾನು ಹಳ್ಳಕ್ಕೆ ಹೋಗೋಣವೆಂದು ಕರೆದರೆ ಕಾಕಾ, "ಶಾಲಿಗೆ ಹೊತ್ತಾತು, ಹೋಗು" ಎನ್ನುತ್ತಿದ್ದ. ಸಿಟ್ಟಿನಿಂದಲ್ಲ. ನಾನು ಬಿ.ಎ. ಮುಗಿಸಿದ ದಿನ ಸಂಶಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದವನು ಅವನೇ. ಓದಿದ್ದಕ್ಕೆ ನನಗೆ ಹಳಹಳಿಯಿಲ್ಲ. ಯಾರೂ ಕೈಗಿಟ್ಟದ್ದಲ್ಲ ಅದು, ಮಳೆಗಾಲದಲ್ಲಿ ಎದೆಮಟ್ಟ ಹಳ್ಳ ದಾಟಿ ಗಳಿಸಿದ್ದು. ಹಳಹಳಿ ಇರುವುದು ಆ ಸೋಮವಾರ ಆಡಿದ ಒಂದು ಮಾತಿಗೆ ಮಾತ್ರ. ಕಾಕಾ ಹಾಸಿಗೆ ಹಿಡಿದಾಗ ಒಮ್ಮೆ ಧೈರ್ಯ ಮಾಡಿ, "ಆ ಸ್ವಾಮಾರ ನಿನಗ ನನ್ನ ಮ್ಯಾಲ ಸಿಟ್ಟ ಬಂದಿತ್ತೇನು ಕಾಕಾ?" ಎಂದು ಕೇಳಿದೆ. ನನ್ನ ಮುಖ ನೋಡಿ, "ಯಾ ಸ್ವಾಮಾರ?" ಎಂದ. ಮರೆತಿದ್ದನೋ, ಮರೆತಂತೆ ಮಾಡಿದನೋ, ಇಂದಿಗೂ ನನಗೆ ತಿಳಿಯದು.

ನಿಮ್ಮ ಮನೆಯಲ್ಲೂ ಇಂಥದೊಂದು ವಾರ ಇದ್ದಿರಬಹುದು. ಯಾವಾಗ ಹೋಯಿತೆಂದು ನೆನಪಿರಲಿಕ್ಕಿಲ್ಲ. ನನಗೆ ನೆನಪಿದೆ, ಅಷ್ಟೇ ವ್ಯತ್ಯಾಸ. ನನಗೀಗ ಸರಕಾರ ಕೊಟ್ಟ ಸೂಟಿಗಳಿವೆ. ಆದರೆ ಸುಮ್ಮನೆ ಕೂತರೆ ಕೈ ತಾನಾಗಿಯೇ ಫೋನು ಹುಡುಕುತ್ತದೆ. ಈ ವರ್ಷ ಮಿರಗದ ಮಳೆಯಾದ ಮೇಲೆ ಒಂದು ಸೂಟಿಯ ದಿನ ಊರಿಗೆ ಹೋದೆ. ನಮ್ಮ ಮನೆಯಿದ್ದ ಜಾಗದಲ್ಲಿ ತಮ್ಮ ಕಟ್ಟಿಸಿದ ಸಿಮೆಂಟಿನ ಮನೆ. ಎತ್ತು ಕಟ್ಟುವಲ್ಲಿ ಮೋಟರ್ ಸೈಕಲ್. ಬೇವಿನ ಮರ ಇನ್ನೂ ಇದೆ. ಅದರ ಬುಡದ ಹಸಿ ಮಣ್ಣಿನಲ್ಲಿ ಕೂತು ಕೆಂಪು ಹುಳ ಹುಡುಕಿದೆ. ಬಹಳ ಹೊತ್ತಿನ ಮೇಲೆ ಒಂದೇ ಒಂದು ಸಿಕ್ಕಿತು. ಅಂಗೈ ಮೇಲಿಟ್ಟುಕೊಂಡೆ. ಕಾಲು ಮುದುಡಿ ಗುಂಡಗಾಯಿತು. ಕಾದೆ.

ಬಾಡಿಗೆ ಟ್ರ್ಯಾಕ್ಟರಿನ ಮೇಲೆ ಬಂದ ತಮ್ಮನ ಮಗ ನನ್ನನ್ನು ನೋಡಿ ಗಾಡಿ ನಿಲ್ಲಿಸಿದ. "ಏನ್ ಕಳಕೊಂಡೀರಿ ಅತ್ತಿ?"

"ಏನಿಲ್ಲಪಾ. ಇವತ್ತ ಯಾ ವಾರ?"

"ತಡೀರಿ, ನೋಡಿ ಹೇಳ್ತೀನಿ" ಎಂದು ಕಿಸೆಯಿಂದ ಫೋನು ತೆಗೆದ. "ಸೋಮವಾರ ನೋಡ್ರಿ. ಯಾಕ, ಶಾಲಿ ಇಲ್ಲೇನು?"

ಟ್ರ್ಯಾಕ್ಟರು ಬಲಕ್ಕೆ ಹೊರಳಿ ಹೋಯಿತು. ಎಡದ ದಾರಿಯ ತುಂಬ ಜಾಲಿ ಬೆಳೆದಿದೆ. ಆ ನೆರಳಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ನೋಡಲು ನನಗೆ ಧೈರ್ಯವಾಗಲಿಲ್ಲ. ಅಂಗೈ ಮೇಲಿನ ಹುಳ ಇನ್ನೂ ನಡೆದಿರಲಿಲ್ಲ.