ಮೈಬೂಬಸಾಬರ ಹಾಡಿಗೆ ಹೊಂದುವ ಮದರ್‌ಬೋರ್ಡ್

೨೦೨೩ರ ಚಳಿಗಾಲ. ವಾಡಿ ಜಂಕ್ಷನ್ನಿನ ಸ್ಟೇಷನ್ ರಸ್ತೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಆಗಲೇ ಹದಿನಾರು ವರ್ಷವಾಗಿತ್ತು. ಅದಕ್ಕೂ ಮೊದಲು ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಹಾಗಾಗಿ ಊರಿಗೆಲ್ಲ ಈಗಲೂ ‘ಅಕ್ಕೋರು’. ಹೊಸ ಗಿರಾಕಿಗಳು ಮಾತ್ರ ಬಾಗಿಲಲ್ಲಿ ಇಣುಕಿ, “ರಿಪೇರಿ ಮಾಡವ್ರು ಎಲ್ಲಿ ಹೋಗ್ಯಾರ?” ಎನ್ನುತ್ತಾರೆ. “ಇಲ್ಲೇ ಕುಂತಾಳ್ರಿ” ಎಂದು ಸ್ಕ್ರೂಡ್ರೈವರ್ ಎತ್ತಿ ತೋರಿಸುವುದು ನನಗೆ ರೂಢಿಯಾಗಿದೆ.

ಶಹಾಬಾದಿನ ರಜಿಯಾಬಿ ಹಾಗೆ ಕೇಳಲಿಲ್ಲ. ಮಕ್ಕಳ ದುಪ್ಪಟಿಯಲ್ಲಿ ಸುತ್ತಿದ ಪುಟ್ಟ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಕೌಂಟರಿನ ಮೇಲಿಟ್ಟು, ಉಸಿರು ತಿರುಗಿದ ಮೇಲೆ ಒಂದೇ ಮಾತು ಹೇಳಿದರು: “ಅಕ್ಕೋರೇ, ಇದು ಬಂದ್ ಆದಾಗಿಂದ ನಮ್ಮವರು ಮಾತು ಬಿಟ್ಟಾರ್ರಿ.”

ಗಂಡನಿಗೆ ಸಿಟ್ಟು ಬಂದಿರಬೇಕು ಎಂದುಕೊಂಡೆ. ಸಂಗತಿ ಬೇರೆಯೇ ಇತ್ತು. ಅವರ ಗಂಡ ಮೈಬೂಬಸಾಬರು ಕಲ್ಲು ಪಾಲಿಶ್ ಘಟಕದಲ್ಲಿ ದುಡಿದವರು. ಹುಟ್ಟೂರು ತೆಂಗಳಿ. ಮೊಹರಂ ಬಂತೆಂದರೆ ಅಲ್ಲಿಗೆ ಹೋಗಿ ಕರ್ಬಲಾದ ಕಥೆಯ ಹಾಡುಗಳಾದ ರಿವಾಯತ್ ಪದ ಹೇಳುವ ಮೇಳಕ್ಕೆ ಮುಂದಾಳು. ಪಾರ್ಶ್ವವಾಯು ಬಡಿದಾಗ ಬಲಗೈ ಹೋಯಿತು, ಮಾತೂ ಹೋಯಿತು. ಆದರೆ ಹಾಡು ಪೂರ್ತಿ ಹೋಗಿರಲಿಲ್ಲ. ಇಂಥ ರೋಗಿಗಳಲ್ಲಿ ಕೆಲವರು ಮಾತಾಡಲಾಗದಿದ್ದರೂ ಹಾಡಬಲ್ಲರೆಂದು ವೈದ್ಯರು ಹೇಳಿದ್ದರು. ಸೇಡಂನಲ್ಲಿ ನರ್ಸ್ ಆಗಿರುವ ಮಗಳು ಶಬಾನಾ ಅಪ್ಪನ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿಗೆ ತುಂಬಿಸಿ, ಟಿವಿಗೆ ಜೋಡಿಸಿಕೊಟ್ಟಿದ್ದಳು. ದಿನಾ ಮಧ್ಯಾಹ್ನ ತಮ್ಮದೇ ಹಳೆಯ ದನಿಯ ಜೊತೆ ಮೈಬೂಬಸಾಬರು ತಡವರಿಸುತ್ತ ಹಾಡುವರು. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ನಾಲಿಗೆ ಸಡಿಲವಾಗಿ ಒಂದೆರಡು ಮಾತು ಬರುತ್ತಿದ್ದವು.

“ಏನು ಮಾತಾಡ್ತಿದ್ರು ಆಪಾ?” ಎಂದೆ.

“ನೀರು ಕೇಳ್ತಿದ್ರು. ಒಮ್ಮೊಮ್ಮೆ ರಜ್ಜೂ ಅಂತ ನನ್ನ ಕರೀತಿದ್ರು.” ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಬಿಚ್ಚಿ ನೋಡಿದೆ. ಒಳಗೆ ಅವರ ಮನೆ ಪಕ್ಕದ ಪಾಲಿಶ್ ಘಟಕದ ಕಲ್ಲಿನ ಪುಡಿ ತೇವ ಹಿಡಿದು ಗಾರೆಯಂತೆ ಗಟ್ಟಿಯಾಗಿತ್ತು. ಮದರ್‌ಬೋರ್ಡ್ ಸತ್ತಿತ್ತು. ಪ್ರೊಸೆಸರ್, ಮೆಮೊರಿ, ಡಿಸ್ಕ್, ಧ್ವನಿ ಎಲ್ಲವನ್ನೂ ಒಂದಕ್ಕೊಂದು ಜೋಡಿಸುವ ಮುಖ್ಯ ಹಲಗೆ ಅದು. ಹಾಡುಗಳಿದ್ದ ಡಿಸ್ಕ್ ಸೇರಿ ಉಳಿದ ಭಾಗಗಳು ಚೆನ್ನಾಗಿದ್ದವು. ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟು, “ನೇರ ಟಿವಿಗೆ ಚುಚ್ಚಿರಿ, ಈ ಡಬ್ಬಿಯ ಹಂಗೇ ಬೇಡ” ಎಂದು ಕಳಿಸಿದೆ. ಕೆಲಸ ಸಲೀಸಾಗಿ ಮುಗಿಯಿತೆಂದು ಹಿಗ್ಗಿದ್ದೂ ಹೌದು.

ನಾಲ್ಕು ದಿನಕ್ಕೆ ರಜಿಯಾಬಿ ಮತ್ತೆ ಬಂದರು. “ಹಾಡು ಬರಾಕತ್ತಾದ್ರಿ, ಅವರು ಹಾಡವಲ್ರು. ಗ್ವಾಡಿ ಕಡಿ ಮುಖ ತಿರುವಿ ಮಲಗ್ತಾರ. ಅವರಿಗೆ ಆ ಡಬ್ಬೀನೇ ಬೇಕಾಗ್ಯಾದ ನೋಡ್ರಿ.”

ರೋಗಿಗೆ ಅಭ್ಯಾಸದ ವಸ್ತು ಬೇಕು, ಟಿವಿಯ ಮೇಲೆ ಕಂಪ್ಯೂಟರಿನ ಅದೇ ನೀಲಿ ಪರದೆ ಬೇಕು ಎಂದು ನನಗೂ ಅನ್ನಿಸಿತು. ಹೊಸ ಬೋರ್ಡ್ ಆರಿಸುವ ಕೆಲಸ ಅಲ್ಲಿಂದ ಶುರುವಾಯಿತು.

ಹೊರಗಿನವರಿಗೆ ಮದರ್‌ಬೋರ್ಡ್ ಬದಲಿಸುವುದು ಬಲ್ಬ್ ಬದಲಿಸಿದಷ್ಟೇ ಸುಲಭ. ಆದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಕೆಲವು ವರ್ಷಕ್ಕೊಮ್ಮೆ ಕಂಪನಿಗಳು ಅದರ ಅಳತೆ ಬದಲಿಸುತ್ತವೆ. ಈ ಪ್ರೊಸೆಸರಿಗೆ ಹೊಂದುವ ಸಾಕೆಟ್ಟಿನ ಬೋರ್ಡ್ ತಯಾರಾಗುವುದೇ ನಿಂತಿತ್ತು. ಮೇಲಾಗಿ ಆ ಪುಟ್ಟ ಕ್ಯಾಬಿನೆಟ್ಟಿಗೆ ಅಂಗೈಗಿಂತ ತುಸು ದೊಡ್ಡ ಬೋರ್ಡೇ ಬೇಕು. ಎಲ್ಲವನ್ನೂ ಹೊಸದಾಗಿ ಹಾಕಿದರೆ ಆ ಮನೆಗೆ ಕಂಪ್ಯೂಟರೇ ಹೊಸದಾಗುತ್ತದೆ. ನನಗೆ ಅದೇ ಬೇಡವಾಗಿತ್ತು. ಅದೇ ಮಾಡೆಲ್ ಹುಡುಕಲು ಹಟ ಹಿಡಿದೆ. ಕಲಬುರಗಿಯ ಅಂಗಡಿಗಳಲ್ಲಿ ಕೇಳಿದರೆ ನಕ್ಕರು. ಸಿಕಂದರಾಬಾದಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬ “ಇದೆ” ಎಂದು ಬಾಯಿತುಂಬ ಹೇಳಿದ. ರೈಲಿನಲ್ಲಿ ಹೋಗಿ ತಂದೆ. ಅಂಗಡಿಗೆ ಬಂದು ಕರೆಂಟ್ ಕೊಟ್ಟರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಸುಟ್ಟ ಜಾಗಕ್ಕೆ ಯಾರೋ ಬಣ್ಣ ಬಳಿದು ಮಾರಿದ್ದರು. ಅವತ್ತು ಮೇಜಿನ ಮುಂದೆ ಕೂತಾಗ ಅಳು ಬಂದಿತ್ತು, ಸುಳ್ಳೇಕೆ ಹೇಳಲಿ.

ಈ ನಡುವೆ ದಿನಗಳು ಕಳೆಯುತ್ತಿದ್ದವು. ರಜಿಯಾಬಿ ಫೋನ್ ಮಾಡಿದಾಗಲೆಲ್ಲ “ನೋಡಾಕತ್ತೀನಿ ಆಪಾ” ಎನ್ನುತ್ತಿದ್ದೆ. ಬಳಸದಿದ್ದರೆ ಉಳಿದ ಮಾತೂ ಹೋದೀತೆಂದು ವೈದ್ಯರು ಎಚ್ಚರಿಸಿದ್ದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅದೇ ಸಾಕೆಟ್ಟಿನ, ಬೇರೆ ತಯಾರಕರ ಬಳಸಿದ ಬೋರ್ಡೊಂದು ಸಿಕ್ಕಿತು. ಹಳೆಯ ಪ್ರೊಸೆಸರ್, ಹಳೆಯ ಡಿಸ್ಕ್, ಹಳೆಯ ಮೆಮೊರಿ ಎಲ್ಲವೂ ಅದಕ್ಕೆ ಹೊಂದಿದವು. ಇಷ್ಟಾಗುವಾಗ ಎರಡು ತಿಂಗಳಾಗಿತ್ತು.

ನಾನೇ ಶಹಾಬಾದಿಗೆ ಹೋಗಿ ಜೋಡಿಸಿದೆ. ಮೈಬೂಬಸಾಬರು ಗೋಡೆಗೆ ದಿಂಬಿಟ್ಟು ಕೂತಿದ್ದರು. ಟಿವಿಯಲ್ಲಿ ಅದೇ ನೀಲಿ ಪರದೆ ಬಂತು. ಅವರ ಕಣ್ಣು ಅರಳಿತು. ಹಾಡು ಶುರುವಾಯಿತು, ತುಟಿ ತೆರೆದರು. ಮೊದಲ ಪದ ಬಾಯಿಗೆ ಬರುವಷ್ಟರಲ್ಲಿ ಹಾಡು ಮುಂದೆ ಹೋಗಿತ್ತು. ಎರಡನೆಯ ಸಾಲಿಗೆ ಹಾರಿ ಹಿಡಿಯಲು ನೋಡಿದರು. ಅದೂ ತಪ್ಪಿತು. ಎಡಗೈಯಿಂದ ತೊಡೆಗೆ ಒಮ್ಮೆ ಹೊಡೆದುಕೊಂಡು ಗೋಡೆ ಕಡೆ ತಿರುಗಿದರು.

“ಮೊದ್ಲು ಹಾಡಿಗಿ ಇಷ್ಟು ಅವಸರ ಇದ್ದಿಲ್ರಿ,” ಎಂದರು ರಜಿಯಾಬಿ. “ಇವರ ದನಿನೂ ದಪ್ಪ ಇತ್ತು.”

“ಅದೇ ಫೈಲ್ ಆಪಾ, ಅದೇ ಡಿಸ್ಕ್. ಹಾಡು ಹ್ಯಾಂಗ ಬದಲಾಗ್ತದ?” ಎಂದೆ. ನನ್ನ ದನಿ ತುಸು ಗಡುಸಾಗಿಯೇ ಇತ್ತು.

ಆಗ ರಜಿಯಾಬಿ ಮೊಬೈಲ್ ತೆಗೆದರು. ಅಪ್ಪ ಹಾಡುವುದನ್ನು ಶಬಾನಾ ಹಿಂದೊಮ್ಮೆ ವಿಡಿಯೋ ಮಾಡಿದ್ದಳು. ಹಿಂದೆ ಅದೇ ಟಿವಿ, ಅದೇ ಹಾಡು. ಅದನ್ನೂ ಟಿವಿಯ ಹಾಡನ್ನೂ ಒಂದೇ ಪದದಿಂದ ಒಟ್ಟಿಗೆ ಶುರುಮಾಡಿದೆ. ಎರಡು ಸಾಲು ಹೋಗುವುದರೊಳಗೆ ಮೊಬೈಲಿನ ಹಾಡು ಹಿಂದೆ ಬಿತ್ತು. ಮತ್ತೊಮ್ಮೆ ಮೊದಲಿಂದ ಬಿಟ್ಟು ನೋಡಿದೆ, ಹಾಗೇ ಆಯಿತು.

ಕಂಪ್ಯೂಟರ್ ಧ್ವನಿಯನ್ನು ಸಾವಿರಾರು ತುಣುಕುಗಳಾಗಿ ಓದುತ್ತದೆ. ಒಂದು ಸೆಕೆಂಡಿಗೆ ಎಷ್ಟು ತುಣುಕು ಎಂಬುದಕ್ಕೆ ಸ್ಯಾಂಪಲ್ ರೇಟ್ ಎನ್ನುತ್ತಾರೆ. ಹಳೆಯ ಬೋರ್ಡಿನಲ್ಲಿ ಈ ಲೆಕ್ಕ ತಪ್ಪಿತ್ತು. ಓದಬೇಕಾದ್ದಕ್ಕಿಂತ ಕಡಿಮೆ ಓದುತ್ತಿತ್ತು. ಹಾಡು ತುಸು ನಿಧಾನ, ದನಿ ತುಸು ದಪ್ಪ. ಅದು ದೋಷ. ನನ್ನ ಕೈಗೆ ಮೊದಲೇ ಬಂದಿದ್ದರೆ ಅರ್ಧ ಗಂಟೆಯಲ್ಲಿ ಸರಿಮಾಡಿ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಆ ದೋಷದ ನಿಧಾನಕ್ಕೇ ಮೈಬೂಬಸಾಬರ ನಾಲಿಗೆ ಹೊಂದಿಕೊಂಡಿತ್ತು. ಪೆನ್‌ಡ್ರೈವ್ ಚುಚ್ಚಿದಾಗ ಟಿವಿ ಹಾಡನ್ನು ಸರಿಯಾದ ವೇಗದಲ್ಲಿ ನುಡಿಸಿತ್ತು, ಹೊಸ ಬೋರ್ಡೂ ಅಷ್ಟೇ. ಎರಡು ತಿಂಗಳು ನಾನು ಊರೂರು ಅಲೆದು ಹುಡುಕಿದ್ದು ಅವರಿಗೆ ಬೇಕಾದ ವಸ್ತುವನ್ನಲ್ಲ.

ಪ್ಲೇಯರಿನಲ್ಲಿ ವೇಗ ತಗ್ಗಿಸಿ, ಮೊಬೈಲಿಗೆ ಸರಿಸಮ ಮಾಡಿದೆ. ಕೆಲಸ ನಿಮಿಷದ್ದು. “ಈಗ ಕೇಳ್ರಿ ಚಾಚಾ,” ಎಂದೆ. ಅವರು ಮೆಲ್ಲಗೆ ಈ ಕಡೆ ತಿರುಗಿದರು. ಗುರುತು ಸಿಕ್ಕಿದ್ದು ಮುಖದಲ್ಲಿ ಕಂಡಿತು. ತುಟಿ ಅಲುಗಿತು. ಹಾಡು ಈ ಸಲ ಅವರಿಗಾಗಿ ಕಾದಂತೆ ಹೋಗುತ್ತಿತ್ತು. ಆದರೆ ದನಿ ಬರಲಿಲ್ಲ. ಹಾಡು ಮುಗಿಯುವವರೆಗೂ ತುಟಿ ಅಲುಗುತ್ತಲೇ ಇತ್ತು, ಒಂದು ಅಕ್ಷರವೂ ಹೊರಬೀಳಲಿಲ್ಲ. ಬೋರ್ಡಿನಲ್ಲಿ ಏನು ಕೆಟ್ಟರೂ ಬೆರಳಿಟ್ಟು ತೋರಿಸಬಲ್ಲ ನಾನು ಅಲ್ಲಿ ಸುಮ್ಮನೆ ಚಹಾ ಕುಡಿದು ಎದ್ದು ಬಂದೆ.

ಅಂದಿನಿಂದ ಯಾರೇ ಕಂಪ್ಯೂಟರ್ ತಂದರೂ ಮೊದಲು ಅದನ್ನು ಬಿಚ್ಚುವುದಿಲ್ಲ. “ಇದರ ಮುಂದೆ ಯಾರು ಕೂರುತ್ತಾರೆ, ಕೂತು ಏನು ಮಾಡುತ್ತಾರೆ” ಎಂದು ಕೇಳುತ್ತೇನೆ. ಗಿರಾಕಿಗಳಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಅನ್ನಿಸಲಿ. ಕೆಟ್ಟದ್ದನ್ನು ಸರಿಮಾಡುವವರಿಗೆ, ಯಾವುದನ್ನು ಸರಿಮಾಡಬಾರದು ಎಂಬುದೂ ಗೊತ್ತಿರಬೇಕು. ನನಗೆ ಈ ಪಾಠ ತಡವಾಗಿ ಸಿಕ್ಕಿತು.

ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ರಜಿಯಾಬಿಯ ಫೋನ್. ಹಿಂದೆ ಹಾಡು ನಡೆದಿತ್ತು, ಪಕ್ಕದ ಪಾಲಿಶ್ ಮಷೀನಿನ ಗರಗರವೂ ಇತ್ತು.

“ಅಕ್ಕೋರೇ, ಈಗ ಕರದ್ರು! ರಜ್ಜೂ ಅಂದ್ರು! ತಡೀರಿ, ಫೋನ್ ಅವರ ಬಾಯಿ ಹತ್ರ ಹಿಡೀತೀನಿ… ಕೇಳಸಾಕತ್ತಾದೇನ್ರಿ?”

ಅಂಗಡಿಯ ಫ್ಯಾನ್ ಆರಿಸಿ, ಫೋನನ್ನು ಕಿವಿಗೆ ಒತ್ತಿ ಹಿಡಿದೆ. ನಿಧಾನದ ಹಾಡು ಕೇಳಿಸಿತು. ಮಷೀನು ಕೇಳಿಸಿತು. ಅದರಾಚೆ ಏನೂ ಇರಲಿಲ್ಲ.

“ಕೇಳಸಾಕತ್ತಾದ್ರಿ ಆಪಾ,” ಎಂದೆ.